ಬೈಪಾಸ್‌ಗೆ ಮುಂಚೆ ಸೆಲೆನಿಯಂ ಮಾತ್ರೆ ಕೊಡಬೇಕಾ? ಮನೆಯವರು ನೋಡಬೇಕಾದ್ದು, ಕೇಳಬೇಕಾದ್ದು

ಮಾವನವರ ಬೈಪಾಸ್‌ಗೆ ಇನ್ನು ಹನ್ನೆರಡು ದಿನ ಇತ್ತು. ನ್ಯೂಜೆರ್ಸಿಯಿಂದ ಬಂದ ನಮ್ಮ ಮೈದುನ ಸೂಟ್‌ಕೇಸ್ ಬಿಚ್ಚಿ, ಬಟ್ಟೆ ಮಡಿಕೆಗಳ ನಡುವಿನಿಂದ ಮೂರು ಬಾಟಲ್ ತೆಗೆದು ಊಟದ ಟೇಬಲ್ ಮೇಲೆ ಸಾಲಾಗಿ ಇಟ್ಟ. ಒಂದು ಸೆಲೆನಿಯಂ ಅನ್ನುವ ಖನಿಜ, ಒಂದು ಫಿಶ್ ಆಯಿಲ್, ಇನ್ನೊಂದು ವಿಟಮಿನ್ ಇ. ಜೊತೆಗೆ ಒಂದು ಪ್ಯಾಕೆಟ್ ಬ್ರೆಜಿಲ್ ನಟ್.

"ಅತ್ತಿಗೆ, ಇವತ್ತಿಂದಲೇ ಶುರು ಮಾಡಿಸಿ. ಹಾರ್ಟ್ ಆಪರೇಷನ್ ಆದಾಗ ರಕ್ತದಲ್ಲಿ ಸೆಲೆನಿಯಂ ಇಳಿಯುತ್ತಂತೆ. ಜಾಸ್ತಿ ಇಳಿದವರಿಗೇ ಐಸಿಯುನಲ್ಲಿ ತೊಂದರೆ ಆಗೋದಂತೆ" ಅಂದ.

ಅವನು ಹೇಳಿದ ಎರಡೂ ಮಾತು ನಿಜ. ಜರ್ಮನಿಯ ಆಖೆನ್‌ನಲ್ಲಿ 60 ಹೃದಯ ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ತೋರಿಸಿತ್ತು. ಆಪರೇಷನ್ ನಡೆಯುವಾಗಲೇ ಸೆಲೆನಿಯಂ ಇಳಿಯುತ್ತದೆ, ಹೆಚ್ಚು ಇಳಿದವರಲ್ಲಿ ಆಮೇಲೆ ಒಂದಕ್ಕಿಂತ ಹೆಚ್ಚು ಅಂಗಗಳು ಕೈಕೊಡುವುದು ಜಾಸ್ತಿ. ಹಾಗಾದರೆ ಮಾತ್ರೆ ಕೊಟ್ಟರೆ ಸರಿಹೋಗಬೇಕಲ್ವಾ? ಎಲ್ಲರೂ ಎಡವುವುದು ಇಲ್ಲೇ. ನಾನೂ ಎಡವುವವಳಿದ್ದೆ. ನಾನು ಡಾಕ್ಟರ್ ಅಲ್ಲ, ಐಸಿಯು ಹೊರಗಿನ ಸ್ಟೀಲ್ ಕುರ್ಚಿಯಲ್ಲಿ ಒಂಬತ್ತು ದಿನ ಕೂತವಳು. ಆಗ ಓದಿದ್ದು, ಡಾಕ್ಟರನ್ನು ಕೇಳಿ ತಿಳಿದದ್ದು, ತಪ್ಪು ಮಾಡಿ ಕಲಿತದ್ದು ಇಲ್ಲಿದೆ. ನಿಮ್ಮ ಮನೆಯಲ್ಲೂ ಯಾರಿಗಾದರೂ ಆಪರೇಷನ್ ಗೊತ್ತಾಗಿದ್ದರೆ ಈ ಕ್ರಮದಲ್ಲಿ ಹೋಗಿ.

ಮೊದಲ ಹೆಜ್ಜೆ: ಆಪರೇಷನ್ ಟೇಬಲ್ ಮೇಲೆ ಏನಾಗುತ್ತದೆ ಅಂತ ತಿಳಿದುಕೊಳ್ಳಿ

ಬದನೆಕಾಯಿ ಹೆಚ್ಚಿ ಹಾಗೇ ಬಿಟ್ಟರೆ ಐದು ನಿಮಿಷಕ್ಕೆ ಕಪ್ಪಾಗುತ್ತದೆ. ಗಾಳಿಯ ಆಕ್ಸಿಜನ್ ತಾಗಿ ಆಗುವ ಕೆಲಸ ಅದು. ನಮ್ಮ ಮೈಯೊಳಗೂ ಆಕ್ಸಿಜನ್ ಬಳಕೆಯಾದ ಹಾಗೆಲ್ಲಾ ಇಂಥದ್ದೇ ಚಿಲ್ಲರೆ ಕಿಡಿಗಳು ಹುಟ್ಟುತ್ತವೆ. ಅವನ್ನು ಫ್ರೀ ರ‍್ಯಾಡಿಕಲ್ ಅನ್ನುತ್ತಾರೆ. ಹುಟ್ಟಿದ ಹಾಗೇ ಅವನ್ನು ಆರಿಸುವ ವ್ಯವಸ್ಥೆಯೂ ಒಳಗೇ ಇದೆ. ಆರಿಸುವ ವೇಗಕ್ಕಿಂತ ಹುಟ್ಟುವ ವೇಗ ಜಾಸ್ತಿ ಆದರೆ ಅದೇ ಆಕ್ಸಿಡೇಟಿವ್ ಸ್ಟ್ರೆಸ್.

ಆರಿಸುವವರಲ್ಲಿ ಮುಖ್ಯವಾದ ಒಬ್ಬ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಅನ್ನುವ ಕಿಣ್ವ. ಹೆಸರು ನೆನಪಿಟ್ಟುಕೊಳ್ಳಬೇಕಿಲ್ಲ. ಜೀವಕೋಶದಲ್ಲಿ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡನ್ನು ಅದು ನೀರು ಮಾಡಿಬಿಡುತ್ತದೆ. ಆ ಕಿಣ್ವದ ಹೊಟ್ಟೆಯಲ್ಲಿ ಕೂತಿರುವುದು ಸೆಲೆನಿಯಂ. ಇದು ಗೊತ್ತಾಗಿದ್ದು 1973ರಲ್ಲಿ. ಅದಕ್ಕೂ ಮುಂಚೆ ಸೆಲೆನಿಯಂ ಅಂದರೆ ದನಕರುಗಳಿಗೆ ವಿಷ ಅಂತಲೇ ಹೆಚ್ಚು ಹೆಸರಾಗಿತ್ತು. ಸೆಲೆನಿಯಂ ಬೇಕಾದ ಪ್ರೋಟೀನುಗಳು ಮನುಷ್ಯರಲ್ಲಿ ಒಟ್ಟು 25 ಇವೆ. ಥೈರಾಯ್ಡ್ ಹಾರ್ಮೋನನ್ನು ಕೆಲಸಕ್ಕೆ ಹಚ್ಚುವುದೂ ಅವುಗಳಲ್ಲೇ ಕೆಲವು.

ಈಗ ಆಪರೇಷನ್. ಹೃದಯ, ಶ್ವಾಸಕೋಶದ ಕೆಲಸ ತಾನೇ ಮಾಡುವ ಹಾರ್ಟ್-ಲಂಗ್ ಮಷೀನ್ ಹಾಕಿದಾಗ ರಕ್ತ ಪ್ಲಾಸ್ಟಿಕ್ ನಳಿಕೆಗಳಲ್ಲಿ ಸುತ್ತಿ ಬರುತ್ತದೆ. ಮೈಗೆ ಅದು ಪರಿಚಯವಿಲ್ಲದ ಜಾಗ, ಹಾಗಾಗಿ ಉರಿಯೂತ ಶುರುವಾಗುತ್ತದೆ. ಹೃದಯವನ್ನು ನಿಲ್ಲಿಸಿರುತ್ತಾರೆ, ಅದಕ್ಕೆ ಅಷ್ಟು ಹೊತ್ತು ರಕ್ತ ಇಲ್ಲ. ಕೆಲಸ ಮುಗಿಸಿ, ರಕ್ತ ತಡೆದಿದ್ದ ಕ್ಲ್ಯಾಂಪ್ ಬಿಚ್ಚಿದಾಗ ರಕ್ತ, ಅದರ ಜೊತೆ ಆಕ್ಸಿಜನ್, ಒಟ್ಟಿಗೆ ನುಗ್ಗುತ್ತದೆ. ಹಳ್ಳಿಯಲ್ಲಿ ಕರೆಂಟ್ ಹೋದಾಗ ಬಲ್ಬು ಸುಡುವುದಿಲ್ಲ, ಕರೆಂಟ್ ವಾಪಸ್ ಬರುವಾಗ ಸುಡುತ್ತದೆ ನೋಡಿ, ಹಾಗೆ. ಹೃದಯದ ಸ್ನಾಯುವಿಗೆ ಪೆಟ್ಟು ಬೀಳುವುದು ರಕ್ತ ನಿಂತಾಗ ಮಾತ್ರ ಅಲ್ಲ, ಮತ್ತೆ ಬಂದಾಗಲೂ.

ಇಲ್ಲೊಂದು ಪ್ರಶ್ನೆ ಸರ್ಜನ್‌ಗೆ ಕೇಳಿ: ಮಷೀನ್ ಹಾಕಿ ಮಾಡ್ತೀರಾ, ಹೃದಯ ಬಡಿಯುತ್ತಿರುವಾಗಲೇ ಮಾಡ್ತೀರಾ? ನಮ್ಮ ದೇಶದಲ್ಲಿ ಮಷೀನ್ ಇಲ್ಲದ ಬೈಪಾಸ್ ತುಂಬಾ ನಡೆಯುತ್ತದೆ. ನೀವು ಇಂಟರ್ನೆಟ್‌ನಲ್ಲಿ ಓದುವ ಸೆಲೆನಿಯಂ ಲೇಖನಗಳು ಹೆಚ್ಚಾಗಿ ಮಷೀನ್ ಹಾಕಿದವರ ಬಗ್ಗೆ. ನಿಮ್ಮ ರೋಗಿಗೆ ಅದು ಅನ್ವಯಿಸದೇ ಇರಬಹುದು, ಮೊದಲೇ ಗೊತ್ತಿದ್ದರೆ ಅರ್ಧ ಗಾಬರಿ ಅಲ್ಲೇ ಕಮ್ಮಿ.

ಎರಡನೇ ಹೆಜ್ಜೆ: ಮನೆಯ ಮಾತ್ರೆಗಳನ್ನೆಲ್ಲಾ ಸುರಿದು ಲೆಕ್ಕ ಹಾಕಿ

ಇದಕ್ಕೆ ಸುಮಾರು ಅರ್ಧ ಗಂಟೆ ಬೇಕು. ಪೆನ್ನು, ಹಾಳೆ, ಮತ್ತೆ ಲೇಬಲ್ ಓದೋಕೆ ಮೊಬೈಲ್ ಕ್ಯಾಮೆರಾ. ಅಕ್ಷರ ಅಷ್ಟು ಸಣ್ಣದಿರುತ್ತದೆ.

ಮೊದಲು ನೆನಪಿಡಬೇಕಾದ ಸಂಖ್ಯೆಗಳು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 40 ಮೈಕ್ರೊಗ್ರಾಂ. ಅಮೆರಿಕದವರು 55 ಅನ್ನುತ್ತಾರೆ. ಮೇಲಿನ ಮಿತಿ ಅಮೆರಿಕದಲ್ಲಿ 400. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ತನ್ನ ಮಿತಿಯನ್ನು 255ಕ್ಕೆ ಇಳಿಸಿತು. ಎಲ್ಲವೂ ಮೈಕ್ರೊಗ್ರಾಂ, ಮಿಲಿಗ್ರಾಂ ಅಲ್ಲ. ಒಂದು ಮಿಲಿಗ್ರಾಂ ಅಂದರೆ ಸಾವಿರ ಮೈಕ್ರೊಗ್ರಾಂ. ಈ ಖನಿಜದಲ್ಲಿ ಸಾಲುವುದಕ್ಕೂ ಜಾಸ್ತಿಯಾಗುವುದಕ್ಕೂ ನಡುವಿನ ಅಂತರ ಕಡಿಮೆ, ವಿಟಮಿನ್ ಸಿ ಥರ "ಜಾಸ್ತಿ ಆದ್ರೆ ಮೂತ್ರದಲ್ಲಿ ಹೋಗುತ್ತೆ ಬಿಡು" ಅಂತ ಸುಮ್ನಿರೋ ಹಾಗಿಲ್ಲ.

ನಮ್ಮ ಟೇಬಲ್ ಮೇಲೆ ಬಂದ ಲೆಕ್ಕ ಹೀಗಿತ್ತು. ಮೈದುನನ ಬಾಟಲ್: ಒಂದು ಮಾತ್ರೆಗೆ 200. ಮಾವನವರು ಆಗಲೇ ಎರಡು ವರ್ಷದಿಂದ ರಾತ್ರಿ ಊಟವಾದ ಮೇಲೆ ನುಂಗುತ್ತಿದ್ದ ಕೆಂಪು ಕ್ಯಾಪ್ಸೂಲ್ ಒಂದಿತ್ತು, "ಶಕ್ತಿಗೆ" ಅಂತ ಮೆಡಿಕಲ್ ಶಾಪಿನವರು ಕೊಟ್ಟಿದ್ದು. ಅದರ ಹಿಂದೆ ಸೆಲೆನಿಯಂ ಅಂತ ನೇರವಾಗಿ ಬರೆದಿರಲಿಲ್ಲ. ಸೆಲೆನಿಯಂ ಡೈಆಕ್ಸೈಡ್ ಮಾನೋಹೈಡ್ರೇಟ್, 70 ಮೈಕ್ರೊಗ್ರಾಂ ಅಂತಿತ್ತು. ನಮ್ಮ ಸ್ಟ್ರಿಪ್‌ಗಳಲ್ಲಿ ಹೀಗೆ ಸಂಯುಕ್ತದ ಹೆಸರೇ ಇರುವುದು ಮಾಮೂಲು, ಸೋಡಿಯಂ ಸೆಲೆನೇಟ್ ಅಂತಲೂ ಇರುತ್ತದೆ. ಅಷ್ಟೂ ಸೆಲೆನಿಯಂ ಅಲ್ಲ. ಈ ಡೈಆಕ್ಸೈಡಿನ ತೂಕದಲ್ಲಿ ನೂರಕ್ಕೆ 61 ಪಾಲು ಮಾತ್ರ ಸೆಲೆನಿಯಂ, ಹಾಗಾಗಿ 70ರಲ್ಲಿ ಸುಮಾರು 43. ಶುಗರ್‌ನವರಿಗೆ ಅಂತ ಇನ್ನೊಂದು ಮಲ್ಟಿವಿಟಮಿನ್, ಅದರಲ್ಲಿ 55. ಆಮೇಲೆ ಆ ಬ್ರೆಜಿಲ್ ನಟ್. 28 ಗ್ರಾಂನಲ್ಲಿ, ಅಂದರೆ ಆರರಿಂದ ಎಂಟು ಬೀಜದಲ್ಲಿ, 544 ಮೈಕ್ರೊಗ್ರಾಂ ಅಂತ ಅಮೆರಿಕದ ಪಟ್ಟಿ ಹೇಳುತ್ತದೆ. ಬೆಳೆದ ಮಣ್ಣಿನ ಮೇಲೆ ಹೆಚ್ಚು ಕಮ್ಮಿ ಆಗುತ್ತದೆ, ಆದರೂ ದಿನಕ್ಕೆ ಎರಡು ತಿಂದರೆ 150 ಅಂತ ಹಿಡಿಯಬಹುದು.

200, 43, 55, 150. ಕೂಡಿದರೆ 448. ಊಟದ್ದು ಇನ್ನೂ ಸೇರಿಸಿಲ್ಲ. ಯಾರೂ ಏನೂ ತಪ್ಪು ಮಾಡಿಲ್ಲ, ಎಲ್ಲರೂ ಪ್ರೀತಿಯಿಂದಲೇ ಕೊಟ್ಟಿದ್ದಾರೆ, ಆದರೂ ಮಿತಿ ದಾಟಿತ್ತು. ಮೈದುನ ಆ ಹಾಳೆಯನ್ನು ಎರಡು ಸಲ ಕೂಡಿ ನೋಡಿದ.

ಜಾಸ್ತಿಯಾದರೆ ಏನಾಗುತ್ತದೆ ಅನ್ನುವುದಕ್ಕೆ 2008ರ ಒಂದು ಪ್ರಸಂಗ ಸಾಕು. ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಒಂದು ದ್ರವ ರೂಪದ ಟಾನಿಕ್‌ನಲ್ಲಿ ತಯಾರಿಯ ತಪ್ಪಿನಿಂದ ಲೇಬಲ್‌ನಲ್ಲಿ ಬರೆದದ್ದಕ್ಕಿಂತ 200 ಪಟ್ಟು ಸೆಲೆನಿಯಂ ಸೇರಿಬಿಟ್ಟಿತ್ತು. 201 ಜನ ಕಾಯಿಲೆ ಬಿದ್ದರು. ಭೇದಿ, ಸುಸ್ತು, ಕೂದಲು ಉದುರುವುದು, ಕೀಲು ನೋವು, ಉಗುರು ಬಣ್ಣಗೆಡುವುದು. ಅಷ್ಟು ದೂರ ಹೋಗುವುದೂ ಬೇಡ. ಪಂಜಾಬಿನ ನವಾಂಶಹರ್, ಹೋಶಿಯಾರ್‌ಪುರ್ ಜಿಲ್ಲೆಗಳ ಕೆಲವು ಹಳ್ಳಿಗಳ ಮಣ್ಣಿನಲ್ಲೇ ಸೆಲೆನಿಯಂ ಜಾಸ್ತಿ. ಅಲ್ಲಿ ಬೆಳೆದ ಮೇವು ತಿಂದ ದನಗಳ ಗೊರಸು ಕೆಟ್ಟಿದ್ದು, ಜನರ ಉಗುರು ಹಾಳಾಗಿದ್ದು ದಾಖಲಾಗಿದೆ.

ಮೂರನೇ ಹೆಜ್ಜೆ: ಆ ಹಾಳೆಯನ್ನು ಆಸ್ಪತ್ರೆಗೆ ಒಯ್ಯಿರಿ

ಆಪರೇಷನ್‌ಗೆ ಮುಂಚೆ ಅನಸ್ತೇಷಿಯಾ ಡಾಕ್ಟರ್ ಬಂದು "ಏನೇನು ಮಾತ್ರೆ ತಗೊಳ್ತಿದ್ದೀರಾ" ಅಂತ ಕೇಳುತ್ತಾರೆ. ನಮ್ಮ ಹಿರಿಯರು ಬಿಪಿ, ಶುಗರ್ ಮಾತ್ರೆ ಹೇಳಿ ಸುಮ್ಮನಾಗುತ್ತಾರೆ. ಮಾವನವರೂ ಹಾಗೇ ಮಾಡಿದರು. ಕೆಂಪು ಕ್ಯಾಪ್ಸೂಲ್ ಬಗ್ಗೆ ಯಾಕೆ ಹೇಳಲಿಲ್ಲ ಅಂದರೆ "ಅದು ಮಾತ್ರೆ ಅಲ್ಲಮ್ಮ, ಶಕ್ತಿಗೆ" ಅಂದರು.

ಹೇಳಲೇಬೇಕು. ಸೆಲೆನಿಯಂಗಿಂತ ಅದರ ಜೊತೆಗಿರುವವರಿಂದ ತೊಂದರೆ ಜಾಸ್ತಿ. ಫಿಶ್ ಆಯಿಲ್, ಜಾಸ್ತಿ ಡೋಸ್ ವಿಟಮಿನ್ ಇ, ಬೆಳ್ಳುಳ್ಳಿ ಕ್ಯಾಪ್ಸೂಲ್, ಗಿಂಕ್ಗೋ ಇವೆಲ್ಲ ರಕ್ತ ಹೆಪ್ಪುಗಟ್ಟುವುದನ್ನು ಅಷ್ಟಿಷ್ಟು ತಡೆಯಬಹುದು ಅನ್ನುವ ಅನುಮಾನ ಇದೆ. ಹಾಗಾಗಿ ಎಷ್ಟೋ ಕಡೆ ಇಂಥವನ್ನು ಒಂದೆರಡು ವಾರ ಮೊದಲೇ ನಿಲ್ಲಿಸಿ ಅನ್ನುತ್ತಾರೆ. ಸಾರಿನಲ್ಲಿ ಹಾಕುವ ಬೆಳ್ಳುಳ್ಳಿಗೆ ಈ ಮಾತಿಲ್ಲ, ಹೆದರಬೇಡಿ. ಆದರೆ ಆಸ್ಪಿರಿನ್ ಥರದ ಡಾಕ್ಟರ್ ಬರೆದ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ, ಯಾವುದು ಯಾವಾಗ ನಿಲ್ಲಬೇಕು ಅಂತ ಅವರೇ ಹೇಳುತ್ತಾರೆ.

ಸ್ಟ್ರಿಪ್‌ಗಳನ್ನೇ ಒಂದು ಕವರ್‌ನಲ್ಲಿ ಹಾಕಿಕೊಂಡು ಹೋಗುವುದು ಎಲ್ಲಕ್ಕಿಂತ ಸುಲಭ. ಬಾಯಲ್ಲಿ ಹೇಳಿದರೆ ಹೆಸರು ತಪ್ಪುತ್ತದೆ.

ಉಳಿದ ಹನ್ನೆರಡು ದಿನದಲ್ಲಿ ಏನು ಮಾಡಬಹುದು ಅಂತ ಕೇಳಿದರೆ, ನನ್ನ ಅನುಭವದಲ್ಲಿ ಆ ಡಾಕ್ಟರ್ ಹೇಳಿದ ನಾಲ್ಕು ಮಾತಿಗೆ ಬಾಟಲ್‌ಗಳಿಗಿಂತ ಬೆಲೆ ಜಾಸ್ತಿ: ಬೀಡಿ ಸಿಗರೇಟು ಪೂರ್ತಿ ಬಂದ್, ಶುಗರ್ ಹತೋಟಿ, ಹಿಮೋಗ್ಲೋಬಿನ್ ಕಮ್ಮಿ ಇದ್ದರೆ ಈಗಲೇ ಹೇಳುವುದು, ಮತ್ತೆ ಮೂರು ಬಾಲ್‌ನ ಆ ಉಸಿರಿನ ಡಬ್ಬಿಯನ್ನು ಈಗಲೇ ಎಳೆದು ರೂಢಿ ಮಾಡಿಕೊಳ್ಳುವುದು. ಎಳೆಯಬೇಕು, ಊದುವುದಲ್ಲ, ಇದನ್ನೇ ಮಾವನವರಿಗೆ ಹತ್ತು ಸಲ ಹೇಳಬೇಕಾಯ್ತು.

ನಾಲ್ಕನೇ ಹೆಜ್ಜೆ: ಸೆಲೆನಿಯಂ ರಿಪೋರ್ಟ್ ಕೈಗೆ ಬಂದರೆ ಹೇಗೆ ಓದಬೇಕು

ಆಪರೇಷನ್ ಆದ ಮೂರನೇ ದಿನ. ಮಾವನವರಿಗೆ ಜ್ವರ ಇತ್ತು, ವೆಂಟಿಲೇಟರ್ ಇನ್ನೂ ತೆಗೆದಿರಲಿಲ್ಲ. ಮೈದುನನಿಗೆ ಸಮಾಧಾನ ಇಲ್ಲ, ಯಾರನ್ನೋ ಹಿಡಿದು ರಕ್ತ ಪರೀಕ್ಷೆಗೆ ಹೊರಗಿನ ಲ್ಯಾಬ್‌ಗೆ ಕಳಿಸಿಯೇಬಿಟ್ಟ. ರಿಪೋರ್ಟ್ ಬಂತು, ಸೆಲೆನಿಯಂ ಪಕ್ಕದಲ್ಲಿ ಕೆಳಮುಖದ ಬಾಣ. ಅವನು ಮೊಬೈಲ್ ನನ್ನ ಮುಖಕ್ಕೆ ಹಿಡಿದು "ನೋಡಿ ಅತ್ತಿಗೆ, ನಾನು ಹೇಳಲಿಲ್ವಾ?"

ಮೂರು ವಿಷಯ ನೋಡಬೇಕು.

ಒಂದು, ಅದೇ ದಿನದ ಸಿಆರ್‌ಪಿ. ಇದು ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ಹೇಳುವ ಪರೀಕ್ಷೆ. ಹೃದಯದ ಆಪರೇಷನ್ ಆದ ಎರಡು ಮೂರನೇ ದಿನಕ್ಕೆ ಎಲ್ಲರಲ್ಲೂ ಇದು ಏರಿಯೇ ಇರುತ್ತದೆ, ಸೋಂಕು ಇಲ್ಲದಿದ್ದರೂ. ಉರಿಯೂತ ಏರಿದಾಗ ರಕ್ತದಲ್ಲಿ ಸೆಲೆನಿಯಂ ಹೊತ್ತು ತಿರುಗುವ ಪ್ರೋಟೀನನ್ನು ಲಿವರ್ ಕಮ್ಮಿ ಮಾಡುತ್ತದೆ, ಒಂದಷ್ಟು ಸೆಲೆನಿಯಂ ರಕ್ತದಿಂದ ಅಂಗಾಂಶಗಳಿಗೆ ಸರಿಯುತ್ತದೆ, ಮೇಲಿಂದ ಡ್ರಿಪ್ ನೀರಿಗೆ ರಕ್ತ ತೆಳ್ಳಗಾಗಿರುತ್ತದೆ. ಹಬ್ಬದ ದಿನ ಅಂಗಡಿ ಬೀದಿಯಲ್ಲಿ ಜನ ಇಲ್ಲ ಅಂದರೆ ಊರೇ ಖಾಲಿ ಅಂತ ಅಲ್ಲವಲ್ಲ, ಎಲ್ಲರೂ ದೇವಸ್ಥಾನದ ಹತ್ತಿರ ಇರುತ್ತಾರೆ. ಸಿಆರ್‌ಪಿ ಏರಿರುವಾಗ ಸೆಲೆನಿಯಂ ಇಳಿದಿದ್ದರೆ ಕೊರತೆ ಅಂತ ಹೇಳೋಕೆ ಆಗುವುದಿಲ್ಲ. ನಿಜವಾಗಿ ಕೊರತೆಯ ಅನುಮಾನ ಇದ್ದರೆ ಆಪರೇಷನ್‌ಗೆ ಮುಂಚೆ ನೋಡಬೇಕು, ಇಲ್ಲಾ ಎಲ್ಲಾ ತಣ್ಣಗಾದ ಮೇಲೆ ನೋಡಬೇಕು.

ಎರಡು, ಅಳತೆಯ ಘಟಕ. ಒಂದು ಲ್ಯಾಬ್ ಲೀಟರ್‌ಗೆ ಇಷ್ಟು ಮೈಕ್ರೊಗ್ರಾಂ ಅಂತ ಕೊಡುತ್ತದೆ, ಇನ್ನೊಂದು ಡೆಸಿಲೀಟರ್‌ಗೆ ಕೊಡುತ್ತದೆ. ಎರಡಕ್ಕೂ ಹತ್ತು ಪಟ್ಟು ವ್ಯತ್ಯಾಸ. ಮಿಲಿಲೀಟರ್‌ಗೆ ಇಷ್ಟು ನ್ಯಾನೊಗ್ರಾಂ ಅಂತಿದ್ದರೆ ಅದು ಲೀಟರ್‌ಗೆ ಮೈಕ್ರೊಗ್ರಾಂಗೆ ಸಮ. ಗೂಗಲ್‌ನಲ್ಲಿ ಸಿಕ್ಕ ನಾರ್ಮಲ್ ಜೊತೆ ಹೋಲಿಸಬೇಡಿ, ಅದೇ ಹಾಳೆಯಲ್ಲಿ ಪಕ್ಕದಲ್ಲಿ ಕೊಟ್ಟಿರುವ ಮಿತಿಯ ಜೊತೆ ಮಾತ್ರ ಹೋಲಿಸಿ.

ಮೂರು, ರಕ್ತ ಯಾವ ಟ್ಯೂಬ್‌ನಲ್ಲಿ ತೆಗೆದರು. ಇಷ್ಟು ಸಣ್ಣ ಪ್ರಮಾಣದ ಖನಿಜ ಅಳೆಯೋಕೆ ಕಡು ನೀಲಿ ಮುಚ್ಚಳದ ಬೇರೆ ಟ್ಯೂಬ್ ಇದೆ.

ಐಸಿಯು ಡಾಕ್ಟರ್ ಆ ರಿಪೋರ್ಟ್ ನೋಡಿ ಒಂದೇ ಮಾತು ಅಂದರು. "ಇದು ಥರ್ಮಾಮೀಟರ್ ಇದ್ದ ಹಾಗೆ ಸರ್. ಥರ್ಮಾಮೀಟರ್‌ಗೆ ಐಸ್ ಇಟ್ಟರೆ ಪಾದರಸ ಇಳಿಯುತ್ತೆ, ನಿಮ್ಮ ತಂದೆಯ ಜ್ವರ ಇಳಿಯಲ್ಲ." ಮೈದುನ ಸುಮ್ಮನಾದ. ಪೂರ್ತಿ ಒಪ್ಪಲಿಲ್ಲ ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಐದನೇ ಹೆಜ್ಜೆ: "ಡ್ರಿಪ್‌ನಲ್ಲಾದರೂ ಕೊಡಿ ಡಾಕ್ಟ್ರೇ" ಅನ್ನುವ ಮುಂಚೆ

ಅವನು ಒಪ್ಪದೇ ಇದ್ದದ್ದರಲ್ಲೂ ಅರ್ಥ ಇತ್ತು. ಡಾಕ್ಟರ್ ಹೇಳಿದ್ದು ಹೋಲಿಕೆ ಅಷ್ಟೇ. ಕೊಟ್ಟು ನೋಡದೆ ಹೇಗೆ ಗೊತ್ತು? ಕೊಟ್ಟು ನೋಡಿದ್ದಾರೆ, ಚೆನ್ನಾಗಿಯೇ ನೋಡಿದ್ದಾರೆ. ಅವತ್ತು ರಾತ್ರಿ ಲಾಡ್ಜ್ ರೂಮಿನಲ್ಲಿ ಕೂತು ಇಬ್ಬರೂ ಓದಿದ್ದು ಇದನ್ನೇ.

ಜರ್ಮನಿ ಮತ್ತು ಕೆನಡಾದ 23 ಕಡೆ, ಅಪಾಯ ಹೆಚ್ಚಿರುವ ಹೃದಯದ ಆಪರೇಷನ್‌ಗೆ ಹೋಗುತ್ತಿದ್ದ 1400ರಷ್ಟು ರೋಗಿಗಳು. ಪ್ರಯೋಗದ ಹೆಸರು ಸಸ್ಟೈನ್ ಸಿಎಸ್ಎಕ್ಸ್, 2023ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ರಕ್ತನಾಳದಲ್ಲಿ ಸೆಲೆನಿಯಂ, ಅರ್ಧ ಜನಕ್ಕೆ ಬರೀ ಸಲೈನ್. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಡೋಸ್ ಸಣ್ಣದಲ್ಲ: ಆಪರೇಷನ್‌ಗೆ ಮುಂಚೆ 2000 ಮೈಕ್ರೊಗ್ರಾಂ, ಐಸಿಯುಗೆ ಬಂದ ಕೂಡಲೇ ಇನ್ನೊಂದು 2000, ಆಮೇಲೆ ಐಸಿಯುನಲ್ಲಿ ಇರುವ ತನಕ ದಿನಕ್ಕೆ 1000ದಂತೆ ಹೆಚ್ಚೆಂದರೆ ಹತ್ತು ದಿನ. ನಮ್ಮ 40 ಮೈಕ್ರೊಗ್ರಾಂ ಜೊತೆ ಇದನ್ನು ಇಟ್ಟು ನೋಡಿ. ಮೂವತ್ತು ದಿನದೊಳಗೆ ತೀರಿಕೊಂಡವರು ಸೆಲೆನಿಯಂ ಗುಂಪಿನಲ್ಲಿ ನೂರಕ್ಕೆ 4.2, ಸಲೈನ್ ಗುಂಪಿನಲ್ಲಿ 5.0. ನೋಡೋಕೆ ಸ್ವಲ್ಪ ಕಮ್ಮಿ ಅನ್ನಿಸುತ್ತದೆ, ಆದರೆ ಇಷ್ಟು ಜನರಲ್ಲಿ ಆ ವ್ಯತ್ಯಾಸ ಅದೃಷ್ಟದಿಂದಲೂ ಬರುತ್ತದೆ. ಅಂಗಗಳು ಕೈಕೊಡುವುದರಲ್ಲೂ ಫರಕ್ ಬರಲಿಲ್ಲ. ಇದನ್ನು ಮಾಡಿದ ತಂಡದ ಮುಂದಾಳು ಯಾರು ಗೊತ್ತಾ? 2011ರಲ್ಲಿ ಆ 60 ರೋಗಿಗಳ ಅಧ್ಯಯನ ಮಾಡಿದ ಕ್ರಿಸ್ಟಿಯನ್ ಸ್ಟಾಪೆ. ತನ್ನದೇ ಊಹೆಯನ್ನು ತಾನೇ ಪರೀಕ್ಷೆಗೆ ಹಚ್ಚಿ, ಫಲ ಇಲ್ಲ ಅಂತ ತಾನೇ ಬರೆದರು. ನನಗೆ ಇದು ಓದಿ ಗೌರವ ಬಂತು.

ಐಸಿಯುನಲ್ಲಿ ನಂಜೇರಿದವರ ಕಥೆಯೂ ಇಂಥದ್ದೇ. 2007ರಲ್ಲಿ ಜರ್ಮನಿಯ 249 ರೋಗಿಗಳ ಪ್ರಯೋಗ ಒಂದು ಆಸೆ ಹುಟ್ಟಿಸಿತ್ತು. ಆಮೇಲೆ 2016ರಲ್ಲಿ ಅಲ್ಲಿಯ 33 ಐಸಿಯುಗಳ 1089 ರೋಗಿಗಳಲ್ಲಿ ನೋಡಿದಾಗ 28 ದಿನದ ಸಾವು ಸೆಲೆನಿಯಂ ಪಡೆದವರಲ್ಲಿ ನೂರಕ್ಕೆ 28.3, ಪಡೆಯದವರಲ್ಲಿ 25.5. ಇದೂ ಲೆಕ್ಕಕ್ಕೆ ಬರುವ ಅಂತರ ಅಲ್ಲ, ಆದರೆ ಕೊಟ್ಟಿದ್ದರಿಂದ ಲಾಭ ಆಗಲಿಲ್ಲ ಅನ್ನುವುದು ಸ್ಪಷ್ಟ. ಅದಕ್ಕೂ ಮುಂಚೆ 2013ರಲ್ಲಿ 1223 ರೋಗಿಗಳ ರೆಡಾಕ್ಸ್ ಪ್ರಯೋಗದಲ್ಲಿ ಸೆಲೆನಿಯಂ, ಸತು, ವಿಟಮಿನ್ ಸಿ, ವಿಟಮಿನ್ ಇ ಎಲ್ಲಾ ಸೇರಿಸಿ ಕೊಟ್ಟರೂ ಏನೂ ಆಗಲಿಲ್ಲ. ಅದೇ ಪ್ರಯೋಗದಲ್ಲಿ ಗ್ಲುಟಮಿನ್ ಅನ್ನುವ ಅಮೈನೊ ಆಮ್ಲ ಕೊಟ್ಟವರಲ್ಲಿ ಸಾವು ಜಾಸ್ತಿಯಾಯಿತು. "ಕೊಟ್ಟರೆ ನಷ್ಟ ಏನು?" ಅನ್ನುವವರಿಗೆ ಇದನ್ನು ತೋರಿಸಿ. ಐಸಿಯುನಲ್ಲಿ ನಷ್ಟ ಆಗುತ್ತದೆ.

ಯಾಕೆ ಕೆಲಸ ಮಾಡಲಿಲ್ಲ? ಕೆಲವು ಕಾರಣ ಅರ್ಥ ಆಗುವ ಹಾಗಿವೆ. ಸೆಲೆನಿಯಂ ತಾನಾಗಿ ಕಿಡಿ ಆರಿಸುವುದಿಲ್ಲ, ಕಿಣ್ವದೊಳಗೆ ಸೇರಿದ ಮೇಲೆ ಆರಿಸುತ್ತದೆ, ಹೊಸ ಕಿಣ್ವ ತಯಾರಾಗೋಕೆ ಸಮಯ ಬೇಕು. ಪೆಟ್ಟು ಬೀಳುವುದು ಕ್ಲ್ಯಾಂಪ್ ಬಿಚ್ಚಿದ ಕೆಲವೇ ನಿಮಿಷಗಳಲ್ಲಿ. ಇನ್ನೊಂದು, ಊಟದಲ್ಲಿ ಸಾಕಷ್ಟು ಸಿಗುತ್ತಿದ್ದವರಲ್ಲಿ ಆ ಕಿಣ್ವಗಳು ಆಗಲೇ ತುಂಬಿರುತ್ತವೆ, ತುಂಬಿದ ಕೊಡಕ್ಕೆ ಮತ್ತೆ ಸುರಿದರೆ ಹೊರಗೇ ಚೆಲ್ಲುವುದು. ಮತ್ತೆ ಆ ಕಿಡಿಗಳೆಲ್ಲಾ ಶತ್ರುಗಳೂ ಅಲ್ಲ, ಬ್ಯಾಕ್ಟೀರಿಯಾ ಸುಡೋಕೆ ಬಿಳಿ ರಕ್ತಕಣಗಳು ಬಳಸುವುದೂ ಅವನ್ನೇ. ಜೊತೆಗೆ ಜಾಸ್ತಿ ಡೋಸ್‌ನಲ್ಲಿ ಸೋಡಿಯಂ ಸೆಲೆನೈಟ್, ಅಂದರೆ ಡ್ರಿಪ್ಪಿನಲ್ಲಿ ಕೊಡುವ ಸೆಲೆನಿಯಂ ಸಂಯುಕ್ತ, ತಾನೇ ಕಿಡಿ ಹುಟ್ಟಿಸುತ್ತದೆ.

ಆರನೇ ಹೆಜ್ಜೆ: ನಿಜವಾಗಿ ಬೇಕಾದವರ ಗುಂಪಿನಲ್ಲಿ ನಿಮ್ಮವರು ಇದ್ದಾರಾ ನೋಡಿ

ಸೆಲೆನಿಯಂ ಕೊರತೆ ಅನ್ನುವುದೇ ಸುಳ್ಳು ಅಂತ ತಿಳಿಯಬೇಡಿ. ಚೀನಾದ ಕೆಶಾನ್ ಕೌಂಟಿಯಲ್ಲಿ 1935ರಲ್ಲಿ ಗುರುತಿಸಿದ ಹೃದಯದ ಕಾಯಿಲೆಗೆ ಆ ಊರಿನದೇ ಹೆಸರಿದೆ. ಮಣ್ಣಿನಲ್ಲೇ ಸೆಲೆನಿಯಂ ಇಲ್ಲದ ಕಡೆ ಮಕ್ಕಳ, ಹೆಂಗಸರ ಹೃದಯ ಹಿಗ್ಗಿ ಸೋಲುತ್ತಿತ್ತು. ಜೊತೆಗೆ ಒಂದು ವೈರಸ್ಸಿನ ಕೈವಾಡವೂ ಇತ್ತು. 1970ರ ದಶಕದಲ್ಲಿ ಮಕ್ಕಳಿಗೆ ಸೋಡಿಯಂ ಸೆಲೆನೈಟ್ ಕೊಟ್ಟಾಗ ಕಾಯಿಲೆ ಗಣನೀಯವಾಗಿ ಇಳಿಯಿತು. 1979ರಲ್ಲಿ ನ್ಯೂಜಿಲೆಂಡ್‌ನಿಂದ ಇನ್ನೊಂದು ವರದಿ ಬಂತು. ಬಾಯಿಂದ ಊಟವಿಲ್ಲದೆ ಬರೀ ಡ್ರಿಪ್‌ನ ಪೋಷಣೆಯಲ್ಲೇ ಇದ್ದ ಒಬ್ಬ ಮಹಿಳೆಗೆ ನಡೆಯೋಕೆ ಆಗದಷ್ಟು ಸ್ನಾಯು ನೋವು, ದಿನಕ್ಕೆ 100 ಮೈಕ್ರೊಗ್ರಾಂ ಕೊಟ್ಟ ಮೇಲೆ ವಾಸಿಯಾಯಿತು. ಗಮನಿಸಿ, 100. ಸಾವಿರ ಅಲ್ಲ.

ಹಾಗಾಗಿ ಐಸಿಯು ಡಾಕ್ಟರನ್ನು ಕೇಳಬೇಕಾದ್ದು "ಸೆಲೆನಿಯಂ ಕೊಡ್ತೀರಾ" ಅಂತ ಅಲ್ಲ. ನಾನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದ ಪ್ರಶ್ನೆಗಳು ಇವು: ಊಟ ಯಾವ ದಾರಿಯಲ್ಲಿ ಹೋಗುತ್ತಿದೆ, ಮೂಗಿನ ರೈಲ್ಸ್ ಟ್ಯೂಬಿನಲ್ಲೋ, ರಕ್ತನಾಳದಲ್ಲೋ? ಬರೀ ರಕ್ತನಾಳದಲ್ಲೇ ಆದರೆ ಅದರಲ್ಲಿ ವಿಟಮಿನ್ನು ಮತ್ತು ಸೂಕ್ಷ್ಮ ಖನಿಜ ಬೇರೆ ಸೇರಿಸಿದ್ದೀರಾ, ಎಷ್ಟು ದಿನದಿಂದ? ದಿನವಿಡೀ ನಡೆಯುವ ನಿಧಾನದ ಡಯಾಲಿಸಿಸ್ ಇದೆಯಾ? ಹಿಂದೆ ಕರುಳಿನ ಆಪರೇಷನ್ ಆಗಿದ್ದರೆ ಅದನ್ನು ನೀವೇ ಹೇಳಿ. ನಿಧಾನದ ಡಯಾಲಿಸಿಸ್ ವಾರಗಟ್ಟಲೆ ನಡೆದರೆ ಸೆಲೆನಿಯಂ ಸೋರಿಹೋಗುತ್ತದೆ, ದೊಡ್ಡ ಸುಟ್ಟಗಾಯದಲ್ಲೂ ಹೋಗುತ್ತದೆ. ರಕ್ತನಾಳದ ಪೋಷಣೆಯಲ್ಲಿ ಇರುವವರಿಗೆ ದಿನಕ್ಕೆ 60ರಿಂದ 100 ಮೈಕ್ರೊಗ್ರಾಂ ಸೇರಿಸುವುದು ವಾಡಿಕೆ. ಟ್ಯೂಬಿನಲ್ಲಿ ಕಂಪನಿಯ ಫೀಡ್ ದಿನಕ್ಕೆ 1500 ಕ್ಯಾಲೊರಿಯಷ್ಟು ಹೋಗುತ್ತಿದ್ದರೆ ದಿನದ ಅಗತ್ಯ ಸಾಮಾನ್ಯವಾಗಿ ಅದರಲ್ಲೇ ಸಿಕ್ಕಿಬಿಡುತ್ತದೆ.

ಮಾವನವರಿಗೆ ಟ್ಯೂಬ್ ಫೀಡ್ ಹೋಗುತ್ತಿತ್ತು, ಡಯಾಲಿಸಿಸ್ ಇರಲಿಲ್ಲ. ಪ್ರಶ್ನೆ ಅಲ್ಲಿಗೆ ಮುಗಿಯಿತು. ಐದನೇ ದಿನ ವೆಂಟಿಲೇಟರ್ ತೆಗೆದರು.

ಏಳನೇ ಹೆಜ್ಜೆ: ಮನೆಗೆ ಬಂದ ಮೇಲೆ ಅಡುಗೆಮನೆ ಸಾಕು

ಒಂದು ಬೇಯಿಸಿದ ಮೊಟ್ಟೆಯಲ್ಲಿ ಸುಮಾರು 15 ಮೈಕ್ರೊಗ್ರಾಂ ಇದೆ. ಮೀನು ತಿನ್ನುವವರಾದರೆ ಚಿಂತೆಯೇ ಇಲ್ಲ, ಬೂತಾಯಿ, ಬಂಗುಡೆ ಎಲ್ಲದರಲ್ಲೂ ಧಾರಾಳವಾಗಿದೆ. ಉಪ್ಪು ಕಮ್ಮಿ ಇರಲಿ, ಎಣ್ಣೆಯಲ್ಲಿ ಮುಳುಗಿಸಿ ಕರಿಯಬೇಡಿ ಅಷ್ಟೇ. ಸಸ್ಯಾಹಾರಿಗಳಿಗೆ ಬೇಳೆ, ಕಾಳು, ಪಾಲಿಶ್ ಮಾಡದ ಧಾನ್ಯ, ಹಾಲು ಮೊಸರು. ಧಾನ್ಯದಲ್ಲಿ ಎಷ್ಟಿದೆ ಅನ್ನುವುದು ಬೆಳೆದ ಮಣ್ಣಿನ ಮೇಲೆ ಹೋಗುತ್ತದೆ. ಫಿನ್ಲೆಂಡ್‌ನಲ್ಲಿ ಮಣ್ಣಿನಲ್ಲಿ ಕಮ್ಮಿ ಅಂತ 1980ರ ದಶಕದಿಂದ ಗೊಬ್ಬರಕ್ಕೇ ಸೆಲೆನಿಯಂ ಬೆರೆಸುತ್ತಾರೆ, ಮಾತ್ರೆ ಹಂಚುವ ಬದಲು. ನಮ್ಮ ಮನೆಯಲ್ಲಿ ಬೆಳಿಗ್ಗೆ ಒಂದು ಮೊಟ್ಟೆ, ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಬಸ್ಸಾರು. ಮೊದಲ ಎರಡು ವಾರ ಮಾವನವರಿಗೆ ಬಾಯಿ ರುಚಿಯೇ ಇರಲಿಲ್ಲ. ಮುದ್ದೆಯನ್ನು ನೆಲ್ಲಿಕಾಯಿ ಗಾತ್ರಕ್ಕೆ ಕಟ್ಟಿ ನಾಲ್ಕು ಸಲ ಕೊಡುತ್ತಿದ್ದೆ.

ಕವಾಟ ಬದಲಿಸಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಥರದ ಮಾತ್ರೆ ಬರೆದಿದ್ದರೆ ಸೊಪ್ಪಿನ ವಿಷಯದಲ್ಲಿ ಹುಷಾರು. ಬಿಡಬೇಕಿಲ್ಲ, ಒಂದು ವಾರ ಬುಟ್ಟಿಗಟ್ಟಲೆ, ಇನ್ನೊಂದು ವಾರ ಸೊನ್ನೆ ಅಂತ ಆಗಬಾರದು.

"ಈಗ ಆಪರೇಷನ್ ಮುಗೀತಲ್ಲ, ಈಗಲಾದರೂ ಆಂಟಿಆಕ್ಸಿಡೆಂಟ್ ಶುರು ಮಾಡೋಣ" ಅಂತ ಯಾರಾದರೂ ಅನ್ನುತ್ತಾರೆ. ನಮ್ಮಲ್ಲೂ ಅಂದರು. 2001ರಲ್ಲಿ ಪ್ರಕಟವಾದ 160 ಹೃದಯ ರೋಗಿಗಳ ಒಂದು ಪ್ರಯೋಗ ಇದೆ. ಕೊಲೆಸ್ಟರಾಲ್ ಇಳಿಸುವ ಸಿಮ್ವಾಸ್ಟಾಟಿನ್ ಜೊತೆ ನಯಾಸಿನ್ (ವಿಟಮಿನ್ ಬಿ3) ಕೊಟ್ಟವರಿಗೆ ಒಳ್ಳೆಯ ಫಲ ಬಂತು. ಅದಕ್ಕೇ ವಿಟಮಿನ್ ಇ, ಸಿ, ಬೀಟಾ ಕ್ಯಾರೊಟಿನ್, ಸೆಲೆನಿಯಂ ಸೇರಿಸಿದಾಗ ಒಳ್ಳೆಯ ಕೊಲೆಸ್ಟರಾಲ್ ಏರುವುದು ಕುಗ್ಗಿತು, ಲಾಭವೂ ಕುಗ್ಗಿತು. ಪೂರ್ತಿ ನ್ಯಾಯವಾಗಿ ಹೇಳಬೇಕೆಂದರೆ ಎದುರು ಪಕ್ಷವೂ ಇದೆ. ಸ್ವೀಡನ್‌ನಲ್ಲಿ 443 ವಯಸ್ಸಾದವರಿಗೆ ನಾಲ್ಕು ವರ್ಷ ಸೆಲೆನಿಯಂ ಮತ್ತು ಕೋಕ್ಯೂ10 ಅನ್ನುವ ಇನ್ನೊಂದು ಆಂಟಿಆಕ್ಸಿಡೆಂಟ್ ಒಟ್ಟಿಗೆ ಕೊಟ್ಟಾಗ ಹೃದಯದ ಸಾವು ಕಮ್ಮಿಯಾಯಿತು. ಆದರೆ ಅವರು ಆಪರೇಷನ್ ಆದವರಲ್ಲ, ಅಲ್ಲಿ ಊಟದಲ್ಲೇ ಸೆಲೆನಿಯಂ ಕಮ್ಮಿ, ಮತ್ತೆ ಎರಡರಲ್ಲಿ ಯಾವುದು ಕೆಲಸ ಮಾಡಿತು ಅಂತ ಬಿಡಿಸಿ ಹೇಳೋಕೆ ಆಗುವುದಿಲ್ಲ. ಇದನ್ನು ಇಟ್ಟುಕೊಂಡು ನಮ್ಮ ರೋಗಿಗೆ ಬಾಟಲ್ ತೆರೆಯೋಕೆ ನಾನು ಒಪ್ಪಲಾರೆ. ಕೊಡಲೇಬೇಕು ಅನ್ನಿಸಿದರೆ ಮೊದಲ ಚೆಕಪ್‌ಗೆ ಬಾಟಲ್ ಒಯ್ದು ಕೇಳಿ.

ಆಗಲೇ ತಿಂಗಳುಗಟ್ಟಲೆ ತೆಗೆದುಕೊಂಡುಬಿಟ್ಟಿದ್ದೀರಾ? ಹಾಗಾದರೆ ಉಗುರು ನೋಡಿ. ಬಿಳಿ ಗೆರೆ ಬಂದಿದೆಯಾ, ಪುಡಿಯಾಗುತ್ತಿದೆಯಾ? ಕೂದಲು ಗೊಂಚಲಾಗಿ ಉದುರುತ್ತಿದೆಯಾ, ಕೈ ಬೆರಳು ಜುಂ ಅನ್ನುತ್ತಿದೆಯಾ, ಬೆಳ್ಳುಳ್ಳಿ ತಿನ್ನದೆಯೂ ಉಸಿರಿನಲ್ಲಿ ಬೆಳ್ಳುಳ್ಳಿ ವಾಸನೆ ಇದೆಯಾ? ಇದ್ದರೆ ಅವತ್ತೇ ನಿಲ್ಲಿಸಿ ಡಾಕ್ಟರಿಗೆ ಹೇಳಿ, ಎಷ್ಟು ದಿನದಿಂದ ಎಷ್ಟು ಅನ್ನುವ ಲೆಕ್ಕದ ಹಾಳೆ ಜೊತೆಗಿರಲಿ.

ಮೈದುನ ವಾಪಸ್ ಹೋಗುವಾಗ ಮೂರೂ ಬಾಟಲ್ ಸೂಟ್‌ಕೇಸ್‌ಗೆ ತುಂಬಿಕೊಂಡ. ಬ್ರೆಜಿಲ್ ನಟ್ ಪ್ಯಾಕೆಟ್ ಮಾತ್ರ ಇಲ್ಲೇ ಉಳಿಯಿತು, ಬಂದ ಹೋದ ನೆಂಟರಿಗೆ ಕಾಫಿ ಜೊತೆ ಒಂದೊಂದು ಕೊಟ್ಟು ಖಾಲಿ ಮಾಡಿದೆವು. ಒಬ್ಬರಿಗೆ ಒಂದೇ.